ಪದ್ಮಿನಿಗೆ ಯಾವ ಸೈಲೆನ್ಸರ್: ಹಳೆಯ ಮಾದರಿಯದೋ, ಸ್ಟೇನ್‌ಲೆಸ್ ಸ್ಟೀಲಿನದೋ?

ಮಂಗಳೂರಿನ ನಮ್ಮ ಮನೆಯಲ್ಲಿರುವ 1984ರ ಪ್ರೀಮಿಯರ್ ಪದ್ಮಿನಿ ಕಳೆದ ಒಂಬತ್ತು ವರ್ಷಗಳಲ್ಲಿ ಮೂರು ಸೈಲೆನ್ಸರ್‌ಗಳನ್ನು ಕಂಡಿದೆ. ಮೊದಲನೆಯದು ಹಳೆಯ ದಾಸ್ತಾನಿನಲ್ಲಿ ಉಳಿದಿದ್ದ ಕಂಪನಿಯ ಮಾಲು, ಎರಡನೆಯದು ಅದೇ ಆಕಾರದಲ್ಲಿ ಈಗ ತಯಾರಾಗುವ ನಕಲು, ಮೂರನೆಯದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೇಳಿ ಮಾಡಿಸಿದ್ದು.

ಇಟಲಿಯ ಫಿಯೆಟ್ 1100 ಡಿ ಕಾರನ್ನು ಆಧರಿಸಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ ನಿಂತು ಎರಡು ದಶಕಗಳ ಮೇಲಾಗಿರುವುದರಿಂದ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ‘ಒರಿಜಿನಲ್’ ಎಂಬ ಮಾತು ದಾಸ್ತಾನಿನ ಮಾಲಿಗೂ ನಕಲಿಗೂ ಒಂದೇ ಸಮನಾಗಿ ಸಲ್ಲುತ್ತದೆ. ಯಾವುದೆಂದು ಬಿಡಿಸಿ ಕೇಳದಿದ್ದರೆ ನಕಲೇ ಕೈಗೆ ಬರುತ್ತದೆ.

ದಾಸ್ತಾನಿನ ಸೈಲೆನ್ಸರಿಗೆ ನಾನು ಕೊಟ್ಟದ್ದು 6,500 ರೂಪಾಯಿ. ಹೊರಗಿನ ಕಪ್ಪು ಬಣ್ಣ ಕೆಟ್ಟಿರಲಿಲ್ಲ. ಆದರೆ ಬಾಯಿ ಕೆಳಗೆ ಮಾಡಿ ಅಲ್ಲಾಡಿಸಿದಾಗ ತುಕ್ಕಿನ ಪುಡಿ ರವೆಯಂತೆ ಸುರಿದು ನೆಲದ ಮೇಲೆ ಒಂದು ಹಿಡಿಯಷ್ಟು ರಾಶಿಯಾಯಿತು. ಅಂಗಡಿಯವರು ಅದನ್ನು ಧೂಳೆಂದರು, ನಾನೂ ನಂಬಲು ಸಿದ್ಧನಾಗಿದ್ದೆ. ಕೂರಿಸುವಾಗ ಮಾತ್ರ ಅದಕ್ಕೆ ಸಾಟಿಯಿರಲಿಲ್ಲ. ಪೈಪುಗಳನ್ನು ಜೋಡಿಸುವ ಚಪ್ಪಟೆ ಅಂಚಿನ, ಅಂದರೆ ಫ್ಲ್ಯಾಂಜಿನ, ತೂತುಗಳು ಬೋಲ್ಟಿಗೆ ತಾವಾಗಿಯೇ ಹೊಂದಿಕೊಂಡವು, ಸುತ್ತಿಗೆ ಮುಟ್ಟುವ ಪ್ರಮೇಯವೇ ಬರಲಿಲ್ಲ, ಸದ್ದು ಸಹ ಮೆತ್ತಗೆ, ತುಸು ಗಂಟಲೊಳಗಿನಿಂದ ಬರುವಂತಹ ಹಳೆಯ ಪದ್ಮಿನಿಯದೇ ಆಗಿತ್ತು. ಆದರೆ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ತಳ ತೂತಾಯಿತು.

ಇದಕ್ಕೆ ಕಡಲ ಉಪ್ಪು ಗಾಳಿಯೊಂದೇ ಕಾರಣವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹೊರಬರುತ್ತದೆ. ದೂರದ ಪ್ರಯಾಣದಲ್ಲಿ ಸೈಲೆನ್ಸರ್ ಚೆನ್ನಾಗಿ ಕಾದು ಆ ಆವಿಯನ್ನು ಹೊರದಬ್ಬುತ್ತದೆ, ಆದರೆ ಮನೆಯಿಂದ ಕಂಕನಾಡಿ ಮಾರುಕಟ್ಟೆಗೆ ಹೋಗಿ ಬರುವಷ್ಟರ ಓಡಾಟದಲ್ಲಿ ಅದು ಒಳಗೇ ತಣಿದು ತಳದಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ಹೊರಡುವ ಹಳೆಯ ಕಾರಿಗೆ ಸಾದಾ ಉಕ್ಕು ಒಳಗಿನಿಂದಲೇ ಕೊಳೆಯುವುದು ಹೀಗೆ.

ನಕಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 3,200 ರೂಪಾಯಿಗೆ ಸಿಕ್ಕಿತು, ತಗಡು ತೆಳುವಾಗಿತ್ತು, ಬ್ರಾಕೆಟ್ ಒಂದು ಬೆರಳಿನಷ್ಟು ಹಿಂದಕ್ಕಿದ್ದುದರಿಂದ ಸೈಲೆನ್ಸರನ್ನು ತೂಗುಹಾಕುವ ರಬ್ಬರನ್ನು ಎಳೆದು ಸಿಕ್ಕಿಸಬೇಕಾಯಿತು, ಹದಿನಾಲ್ಕು ತಿಂಗಳಿಗೆ ಹೊಲಿಗೆಯ ಉದ್ದಕ್ಕೂ ಬಿಟ್ಟುಕೊಂಡಿತು.

ಮೂರನೆಯದನ್ನು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ, ಆರ್ಗಾನ್ ವೆಲ್ಡಿಂಗ್ ಮಾಡುವವರೊಬ್ಬರಿಂದ 14,500 ರೂಪಾಯಿಗೆ ಮಾಡಿಸಿದೆ, ಮತ್ತು ಮೊದಲ ಸಲ ಅದನ್ನು ಕೆಡಿಸಿಕೊಂಡದ್ದು ನನ್ನ ಆಸೆಯೇ. ಹೊಗೆ ಸರಾಗವಾಗಿ ಹೋಗಲೆಂದು ಹಳೆಯದಕ್ಕಿಂತ ಕಾಲಿಂಚು ಅಗಲವಾದ ಪೈಪನ್ನೂ, ಒಳಗೆ ತಡೆಗಳಿಲ್ಲದೆ ಗಾಜಿನ ಉಣ್ಣೆ ತುಂಬಿದ ನೇರ ಸೈಲೆನ್ಸರನ್ನೂ ಹಾಕಿಸಿದೆ. 1089 ಸಿ.ಸಿ.ಯ ಆ ಪುಟ್ಟ ಎಂಜಿನ್ನಿಗೆ ಇದರಿಂದ ನನಗೆ ತಿಳಿಯುವಂತಹ ಲಾಭವೇನೂ ಆಗಲಿಲ್ಲ. ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿದೊಡನೆ ಒಳಗೆ ಶಂಖ ಊದಿದಂತಹ ಏಕನಾದ ಶುರುವಾಗುತ್ತಿತ್ತು; ಶಿರಾಡಿ ಘಾಟಿ ಹತ್ತಿ ಸಕಲೇಶಪುರ ತಲುಪುವವರೆಗೂ ಪಕ್ಕದಲ್ಲಿದ್ದ ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ, ಆಡಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಹಿಂದೆ ಇಬ್ಬರು ಕುಳಿತರೆ ಪ್ರತಿ ಹಂಪಿನಲ್ಲೂ ಹಿಂದಿನ ಆಕ್ಸಲ್ ಮೇಲೆದ್ದು ಪೈಪಿಗೆ ‘ಠಣ್’ ಎಂದು ಬಡಿಯುತ್ತಿತ್ತು. ಆರು ವಾರಗಳಲ್ಲಿ ಬ್ರಾಕೆಟ್ಟಿನ ಬೆಸುಗೆಯೂ ಬಿರುಕು ಬಿಟ್ಟಿತು. ಕಾದಾಗ 304 ಸ್ಟೀಲು ಸಾದಾ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. ಅದನ್ನು ಬಿಗಿಯಾಗಿ ಕಟ್ಟಿಹಾಕಿದ್ದರ ಫಲ ಅದು.

ಎರಡನೆಯ ಸಲ, ತೂತಾಗಿ ಮೂಲೆ ಸೇರಿದ್ದ ದಾಸ್ತಾನಿನ ಸೈಲೆನ್ಸರನ್ನೇ ಹೊತ್ತುಕೊಂಡು ಹೋಗಿ ಉದ್ದಕ್ಕೆ ಸೀಳಿಸಿದೆ. ಒಳಗಿನ ಕೋಣೆಗಳು, ತೂತು ಕೊರೆದ ಕೊಳವೆಗಳು, ಅಡ್ಡ ತಗಡುಗಳು ಎಲ್ಲೆಲ್ಲಿವೆ ಎಂದು ಅಳೆದು, ಅದೇ ಒಳರಚನೆಯನ್ನು ಸ್ಟೇನ್‌ಲೆಸ್ಸಿನಲ್ಲಿ ಮಾಡಿಸಿ, ಪೈಪನ್ನು ಹಳೆಯ ಅಳತೆಗೇ ಇಳಿಸಿ, ರಬ್ಬರುಗಳಿಗೆ ಸಡಿಲ ಬಿಡಿಸಿದೆ. ಎಂಜಿನ್ನಿನ ಬದಿಯಲ್ಲಿ ಹೊಗೆಯನ್ನು ಪೈಪಿಗೆ ಕೂಡಿಸುವ ಎರಕದ ಮ್ಯಾನಿಫೋಲ್ಡ್ ಮೂಲದ್ದೇ ಇದೆ. ಇದಕ್ಕೆ ಇನ್ನೂ 5,000 ರೂಪಾಯಿ ಸೇರಿತು. ಐದನೆಯ ಮಳೆಗಾಲ ಕಳೆದಿದೆ. ಮೇಲ್ಮೈಯಲ್ಲಿ ಚಹಾದ ಕಲೆಯಂತಹ ಕಂದು ಬಣ್ಣ ಕಾಣಿಸಿಕೊಂಡಿದೆಯಾದರೂ ತಿಕ್ಕಿದರೆ ಹೋಗುತ್ತದೆ. ಏಕನಾದವೂ ಠಣ್ಣೆಂಬ ಸದ್ದೂ ಇಲ್ಲ, ಆದರೆ ಕಂಪನಿಯ ಮಾಲಿನ ಆ ಗಂಟಲಿನ ಸ್ವರ ಪೂರ್ತಿ ಮರಳಿಲ್ಲ, ಸ್ವಲ್ಪ ಲೋಹದ ಕಂಠವಿದೆ.

ಪ್ರದರ್ಶನಗಳಿಗಷ್ಟೇ ಕಾರು ತೆಗೆಯುವವರಿಗೆ, ಅದರಲ್ಲೂ ಒಣಹವೆಯ ಊರಿನವರಿಗೆ, ದಾಸ್ತಾನಿನ ಮಾಲೇ ಒಳ್ಳೆಯದೆಂದು ನಾನು ಹೇಳುತ್ತೇನೆ. ನನಗೆ ಅಂತಹದು ಇನ್ನೊಂದು ಸಿಕ್ಕಿದರೆ ಖಂಡಿತ ಕೊಳ್ಳುತ್ತೇನೆ, ಆದರೆ ಕಾರಿಗೆ ಹಾಕುವುದಕ್ಕಲ್ಲ. ಮೊದಲನೆಯದನ್ನು ಸೀಳುವಾಗ ಒಂದು ಅಡ್ಡ ತಗಡು ತುಕ್ಕಿಗೆ ಉದುರಿಹೋಗಿದ್ದುದರಿಂದ ಅದರ ಜಾಗವನ್ನು ಅಂದಾಜಿನಲ್ಲಿ ಗುರುತಿಸಬೇಕಾಯಿತು. ಆ ಒಂದು ಅಳತೆ ನನಗೆ ಇನ್ನೂ ಬೇಕಾಗಿದೆ.