ರೋಟೊ-ಟಾಮ್‌ಗೆ ‘ಹರಿಯದ ಹೆಡ್’ ಕೊಳ್ಳುವ ಮುನ್ನ

ಕಾರವಾರ, ಅಂಕೋಲಾ, ಶಿರಸಿ ಕಡೆಯ ಆರ್ಕೆಸ್ಟ್ರಾಗಳಲ್ಲಿ ರಿದಮ್ ನುಡಿಸುವ ಗೆಳೆಯರು ಯಾರಾದರೂ ತಿರುಗಿಸಿ ಶ್ರುತಿ ಬದಲಿಸುವ ರೋಟೊ-ಟಾಮ್ ಡ್ರಮ್ಮುಗಳ ಹಳೆಯ ಸೆಟ್ ಕೊಳ್ಳುವ ಯೋಚನೆಯಲ್ಲಿದ್ದರೆ, ಕಳೆದ ಗಣೇಶ ಚೌತಿಯ ಹೊತ್ತಿಗೆ ನನಗಾದ ನಷ್ಟವನ್ನು ತಿಳಿದ ಮೇಲೆಯೇ ಹಣ ಕೊಡಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಹನ್ನೆರಡು ವರ್ಷಗಳಿಂದ ಆಕ್ಟೋಪ್ಯಾಡ್ ಎಂಬ ಎಲೆಕ್ಟ್ರಾನಿಕ್ ತಾಳವಾದ್ಯ ನುಡಿಸುತ್ತಿರುವವನು. ಪ್ಯಾಡಿನೊಳಗಿನ ರೋಟೊ ದನಿಯನ್ನು ಸಾವಿರಾರು ಬಾರಿ ಬಾರಿಸಿದ್ದರಿಂದ, ನಿಜವಾದ ವಾದ್ಯವೂ ಕೋಲು ತಾಗಿದ ಕೂಡಲೇ ಹಾಗೆಯೇ ಹಾಡುತ್ತದೆ ಎಂದು ನಂಬಿದ್ದೆ. ಆ ನಂಬಿಕೆಗೆ ತೆತ್ತ ಬೆಲೆ 14,500 ರೂಪಾಯಿ.

ಅಂಗಡಿ ನಮ್ಮ ಜಿಲ್ಲೆಯದಲ್ಲ. ಅದರ ಹೆಸರು ಇಲ್ಲಿ ಬೇಡ. ಒಂದೇ ಸ್ಟ್ಯಾಂಡಿನ ಮೇಲೆ 6, 8 ಮತ್ತು 10 ಇಂಚಿನ ಮೂರು ರೋಟೊಗಳು, ಮೂರಕ್ಕೂ ಹೊಸ ಹೆಡ್ (ಕೋಲು ಬೀಳುವ ಪ್ಲಾಸ್ಟಿಕ್ ಹಾಳೆ), ಹೆಡ್‌ನ ಮೇಲೆ ಹೆಸರಾಂತ ಕಂಪನಿಯೊಂದರ ಮುದ್ರೆ. “ಸರ್, ಇದು ಡಬಲ್ ಫೈಬರ್, ಹತ್ತು ವರ್ಷ ಹರಿಯುವುದಿಲ್ಲ, ನೀವು ಎಷ್ಟು ಬೇಕಾದರೂ ಟೈಟ್ ಮಾಡಿ” ಎಂದು ಅಂಗಡಿಯವರು ಭರವಸೆ ಕೊಟ್ಟರು. ಹರಿಯದಿರುವುದು ಒಂದು ಗುಣವೇ ಹೊರತು ನಾದವಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ರೋಟೊದ ರಚನೆಯನ್ನು ಅರಿತಿದ್ದರೆ ಹೊಳೆಯುತ್ತಿತ್ತು. ಅಮೆರಿಕದ ರೆಮೊ ಕಂಪನಿ ಮಾರುಕಟ್ಟೆಗೆ ತಂದ ಈ ವಾದ್ಯಕ್ಕೆ ಮರದ ಗೂಡೂ ಇಲ್ಲ, ಕೆಳಗೆ ಇನ್ನೊಂದು ಹೆಡ್ಡೂ ಇಲ್ಲ. ಲೋಹದ ಒಂದು ಬಳೆ ಹೆಡ್ಡನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ಹೆಡ್ಡಿನ ಅಂಚನ್ನು ಮೇಲಿನಿಂದ ಒತ್ತುವ ರಿಮ್ಮನ್ನು ಬೋಲ್ಟುಗಳ ಮೂಲಕ ಮತ್ತೊಂದು ಚೌಕಟ್ಟು ಕೆಳಕ್ಕೆ ಎಳೆದು ಹಿಡಿಯುತ್ತದೆ. ಇಡೀ ಡ್ರಮ್ಮನ್ನು ಕೈಯಿಂದ ತಿರುಗಿಸಿದಾಗ ನಡುವಿನ ದಂಡದ ಥ್ರೆಡ್ಡಿನಿಂದಾಗಿ, ಎಂದರೆ ತಿರುಪಿನ ಎಳೆಗಳಿಂದಾಗಿ, ಇವೆರಡರ ಅಂತರ ಬದಲಾಗಿ, ಹೆಡ್ ಎಲ್ಲ ಕಡೆಯೂ ಒಟ್ಟಿಗೆ ಬಿಗಿಯುತ್ತದೆ ಅಥವಾ ಸಡಿಲುತ್ತದೆ. ನುಡಿಸುತ್ತಿರುವಾಗಲೇ ಶ್ರುತಿಯನ್ನು ಏರಿಸಿ ಇಳಿಸಲು ಸಾಧ್ಯವಾಗುವುದು ಇದರಿಂದಲೇ. ಸಾಮಾನ್ಯ ಟಾಮ್‌ನಲ್ಲಿ ಹೆಡ್ಡಿನ ಕೊರತೆಯನ್ನು ಗೂಡು ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ; ರೋಟೊದಲ್ಲಿ ಮುಚ್ಚಿಕೊಳ್ಳಲು ಏನೂ ಇಲ್ಲದ್ದರಿಂದ ಹೆಡ್ ಹೇಗೋ ದನಿಯೂ ಹಾಗೆಯೇ.

ಚೌತಿಯ ಮೂರನೆಯ ದಿನ ಕೋಡಿಬಾಗ ಕಡೆಯ ಒಂದು ಪೆಂಡಾಲಿನಲ್ಲಿ ನಮ್ಮ ಕಾರ್ಯಕ್ರಮವಿತ್ತು. ಸಂಜೆ ಸೌಂಡ್ ನೋಡುವಾಗಲೇ 6 ಇಂಚಿನದು ತೆಂಗಿನ ಚಿಪ್ಪನ್ನು ಕುಟ್ಟಿದಂತೆ ಠಕ್ ಎಂದು ಅಲ್ಲಿಗೇ ನಿಲ್ಲುತ್ತಿತ್ತು. ಬಿಗಿ ಸಾಲದಿರಬಹುದೆಂದು ತಿರುಗಿಸಿದೆ. ಶ್ರುತಿ ಏರಿತು, ನಾದ ಬರಲಿಲ್ಲ. ಆಮೇಲೆ ಮಾಡಿದ್ದು ಪೂರ್ತಿ ನನ್ನದೇ ತಪ್ಪು: ಡ್ರಮ್ಮನ್ನು ಬಿಗಿಯ ಕೊನೆಯವರೆಗೆ ತಿರುಗಿಸಿಟ್ಟು, ಅದರ ಮೇಲೆ ಕೀ ಹಾಕಿ ಬೋಲ್ಟುಗಳನ್ನೂ ಒಂದು ಸುತ್ತು ಬಿಗಿದೆ. ಮೂರನೆಯ ಹಾಡಿನ ನಡುವೆ 8 ಇಂಚಿನ ಹೆಡ್ಡಿನ ಹಾಳೆ ಒಂದು ಬದಿಯಲ್ಲಿ, ಅದರ ಅಂಚಿಗೆ ಅಂಟಿಸಿದ್ದ ಅಲ್ಯೂಮಿನಿಯಂ ಬಳೆಯಿಂದ ಜಾರಿ ಹೊರಬಂತು. ಅಂಗಡಿಯವರ ಮಾತು ಸುಳ್ಳಾಗಲಿಲ್ಲ. ಹೆಡ್ ಹರಿಯಲಿಲ್ಲ, ಕಳಚಿಕೊಂಡಿತು. ಉಳಿದ ರಾತ್ರಿಯನ್ನು ಆಕ್ಟೋಪ್ಯಾಡಿನಲ್ಲಿಯೇ ಕಳೆದೆ.

ಮರುದಿನ ಬಿಚ್ಚಿ ನೋಡಿದಾಗ ಬಳೆಯೊಳಗಿನ ಅಂಟು ಬಿಸ್ಕತ್ತಿನಂತೆ ಪುಡಿಯಾಗಿತ್ತು, ಕಂಪನಿಯ ಮುದ್ರೆ ಒದ್ದೆ ಬಟ್ಟೆಗೆ ಅಂಟಿ ಬಂತು. ಫೋನ್ ಮಾಡಿದರೆ, “ನೀವು ಓವರ್ ಟೈಟ್ ಮಾಡಿದ್ದೀರಿ, ಅದಕ್ಕೆ ನಾವೇನು ಮಾಡುವುದು?” ಎಂಬ ಉತ್ತರ ಸಿಕ್ಕಿತು. ಎಷ್ಟು ಬೇಕಾದರೂ ಬಿಗಿಯಿರಿ ಎಂದವರೂ ಅವರೇ. ಬಿಲ್ಲಿನಲ್ಲಿ ‘ಹಳೆಯ ಡ್ರಮ್, 1 ಸೆಟ್’ ಎಂದಷ್ಟೇ ಇದ್ದುದರಿಂದ ವಾದಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹೆಡ್ ಯಾವ ಕಂಪನಿಯದು, ಯಾವ ಮಾದರಿಯದು ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳದೆ ಯಾರೂ ಹಣ ಕೊಡಬೇಡಿ.

ಆ ವಾರವೇ ಉಳಿದೆರಡನ್ನು ಶಿರಸಿಗೆ ಒಯ್ದು, ಯಕ್ಷಗಾನದ ಹಿಮ್ಮೇಳದಲ್ಲಿ ಚಂಡೆ ಬಾರಿಸುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಈ ವಾದ್ಯವನ್ನು ಕಂಡದ್ದೇ ಅಂದು. ಆದರೂ ಬೆರಳಿನಿಂದ ಎರಡು ಬಾರಿ ತಟ್ಟಿ, “ತಮಾ, ಇದಕ್ಕೆ ನಾದವೇ ಇಲ್ಲೆ, ಬರೀ ಪೆಟ್ಟು” ಎಂದರು. ಮದ್ದಳೆಯ ಶ್ರುತಿ ಕೂಡಿಸುವವರಂತೆ ಅಂಚಿನ ಸುತ್ತಲೂ ತಟ್ಟುತ್ತ ಹೋಗಿ, ಎಲ್ಲೆಲ್ಲಿ ದನಿ ಏರುತ್ತದೆ, ಎಲ್ಲೆಲ್ಲಿ ಬೀಳುತ್ತದೆ ಎಂದು ತೋರಿಸಿದರು. ನಾನು ಒಂದು ಬೋಲ್ಟನ್ನೂ ಹಾಗೆ ಆಲಿಸಿರಲಿಲ್ಲ.

ಈಗ ಗೊತ್ತಿರುವುದು ಇಷ್ಟು. ಹೆಡ್ಡಿನ ದಪ್ಪವನ್ನು ಮಿಲ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ರೆಮೊದ ಹೆಡ್ ಮಾದರಿಗಳಲ್ಲಿ ಅಂಬಾಸಡರ್ 10 ಮಿಲ್‌ನ ಒಂದೇ ಪದರ. ಎಂಪರರ್‌ನಲ್ಲಿ 7 ಮಿಲ್‌ನ ಎರಡು ಪದರ. ಪಿನ್‌ಸ್ಟ್ರೈಪ್‌ನಲ್ಲಿಯೂ ಅಂಥವೇ ಎರಡು ಪದರಗಳಿದ್ದು, ಅಂಚಿನಲ್ಲಿ ಅವನ್ನು ಅಂಟಿಸಿರುವುದರಿಂದ ಮೇಲಿನ ಕಿಣಿಕಿಣಿ ಬೇಗ ಅಡಗುತ್ತದೆ. 10 ಇಂಚು ಮತ್ತು ಅದಕ್ಕಿಂತ ದೊಡ್ಡ ರೋಟೊವನ್ನು ಜೋರಾಗಿ ಬಾರಿಸುವವರಿಗೆ ಎರಡು ಪದರದ್ದು ಒಗ್ಗುತ್ತದೆ, ಬಾಳಿಕೆಯೂ ಬರುತ್ತದೆ. ಆದರೆ 6 ಇಂಚಿನ ಅಂಗೈಯಗಲದ ಮೈಗೆ ದಪ್ಪ ಹೆಡ್ ಹಾಕಿದರೆ ಅದು ಕಂಪಿಸುವ ಮೊದಲೇ ಸುಮ್ಮನಾಗುತ್ತದೆ. ಚಿಕ್ಕ ಎರಡಕ್ಕೆ ಒಂದೇ ಪದರದ ಕ್ಲಿಯರ್ (ಪಾರದರ್ಶಕ) ಹೆಡ್ಡೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ದನಿ ಹೆಚ್ಚು ಉಳಿದರೆ ಅಂಚಿನಲ್ಲಿ ಟೇಪಿನ ಸಣ್ಣ ತುಂಡೊಂದನ್ನು ಅಂಟಿಸಬಹುದು, ಇಲ್ಲದ ನಾದವನ್ನು ಯಾವ ಟೇಪೂ ತರಲಾರದು.

ಅಂಗಡಿಯಲ್ಲಿ ಹೆಡ್ಡನ್ನು ಬಿಚ್ಚಿಸಿಯೇ ನೋಡಬೇಕು. ಬಳೆಯನ್ನು ಗಾಜಿನ ಮೇಲಿಟ್ಟಾಗ ಎಲ್ಲೂ ಎದ್ದು ನಿಲ್ಲಬಾರದು. ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಟ್ಟಿದರೆ ಹಾಕುವ ಮೊದಲೇ ಸಣ್ಣದೊಂದು ಸ್ವರ ಕೇಳಬೇಕು. ಹೊಸ ಹೆಡ್ಡನ್ನು ಮೊದಲ ಸಲ ಬಿಗಿಯುವಾಗ ಅಂಟು ಚಟಚಟ ಎನ್ನುವುದುಂಟು, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಹಾಳೆ ಬಳೆಯ ಅಂಚಿನಿಂದ ಕೂದಲೆಳೆಯಷ್ಟು ಸರಿದರೂ ಅದು ವೇದಿಕೆಗೆ ಯೋಗ್ಯವಲ್ಲ.

ಶ್ರುತಿ ಮಾಡುವ ಕ್ರಮವೂ ನಾನು ಮಾಡಿದ್ದಕ್ಕೆ ತದ್ವಿರುದ್ಧ. ಡ್ರಮ್ಮನ್ನು ಸಡಿಲದ ಕಡೆಗೆ ತಿರುಗಿಸಿಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ, ಪ್ರತಿ ಬೋಲ್ಟಿನ ಬಳಿ ತಟ್ಟಿ ಒಂದೇ ಸ್ವರ ಬರುವವರೆಗೆ ಕೂಡಿಸಿ, ನಮಗೆ ಬೇಕಾದ ಅತಿ ಕೆಳಗಿನ ಸ್ವರದಲ್ಲಿ ನಿಲ್ಲಿಸಬೇಕು. ಅಲ್ಲಿಂದ ಮೇಲಿನದೆಲ್ಲವೂ ತಿರುಗಿಸುವುದರಿಂದಲೇ ಬರಬೇಕು. ಇನ್ನೂ ಕೆಳಗಿಳಿಸಿದರೆ ಚೌಕಟ್ಟು ಸಡಿಲಗೊಂಡು ಗಲಗಲ ಎನ್ನುತ್ತದೆ. ಮೈಕನ್ನು ಮೇಲಿನಿಂದ, ರಿಮ್ಮಿನಿಂದ ಮೂರು ಬೆರಳು ದೂರದಲ್ಲಿ ಇಟ್ಟರೆ ಸಾಕು. ನಮ್ಮ ಸೌಂಡ್‌ನವರು ಕೆಳಗೂ ಒಂದನ್ನು ಇಟ್ಟು, ಎರಡು ಮೈಕುಗಳ ದನಿ ಒಂದನ್ನೊಂದು ಅಳಿಸದಂತೆ ಅದರ ಫೇಸ್ ತಿರುಗಿಸುವುದನ್ನು ಮರೆತಿದ್ದರು. ಇದ್ದ ಅಲ್ಪ ದನಿಯೂ ಸೊರಗಿದ್ದು ಅದರಿಂದ.

ಕರಾವಳಿಯವರಿಗೆ ಇನ್ನೊಂದು ಮಾತು. ಪ್ಲಾಸ್ಟಿಕ್ ಹೆಡ್ ಚಂಡೆಯ ಚರ್ಮದಂತೆ ಮಳೆಗಾಲದ ತೇವ ಹೀರಿ ಇಳಿಯುವುದಿಲ್ಲ, ಆ ಚಿಂತೆ ಬೇಡ. ಉಪ್ಪುಗಾಳಿ ತಿನ್ನುವುದು ಥ್ರೆಡ್ಡನ್ನು. ನನ್ನ 10 ಇಂಚಿನದು ಅಂಗಡಿಯಲ್ಲಿ ಸಲೀಸಾಗಿ ತಿರುಗಿತ್ತು, ಏಕೆಂದರೆ ತುಕ್ಕಿನ ಮೇಲೆ ಗ್ರೀಸ್ ಮೆತ್ತಿದ್ದರು. ಸೀಮೆಎಣ್ಣೆಯಲ್ಲಿ ತೊಳೆದಾಗ ಎಳೆಗಳು ಸವೆದು ಚೂಪಾಗಿದ್ದುದು ಕಂಡಿತು. ಗ್ರೀಸ್ ಒರೆಸಿ, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ, ಅಲುಗಾಡಿಸಿ ನೋಡದೆ ಹಳೆಯ ರೋಟೊವನ್ನು ಒಪ್ಪಿಕೊಳ್ಳಬೇಡಿ.

ಮೂರಕ್ಕೂ ಬೇರೆ ಹೆಡ್ ತರಿಸಿ ಹಾಕಿ, ಕಳೆದ ತಿಂಗಳು ಮತ್ತೆ ಶಿರಸಿಗೆ ಒಯ್ದಿದ್ದೆ. ಹಿರಿಯರು ಕೋಲು ಮುಟ್ಟದೆ ಹಿಂದಿನಂತೆಯೇ ಬೆರಳಿನಿಂದ ತಟ್ಟಿ ಕೇಳಿದರು. “ಸಣ್ಣ ಎರಡೂ ಅಡ್ಡಿಲ್ಲೆ” ಎಂದವರು 10 ಇಂಚಿನದಕ್ಕೆ ಮತ್ತೆರಡು ಬಾರಿ ತಟ್ಟಿ, “ಇದೊಂದು ಇನ್ನೂ ಕೆಮ್ತು” ಎಂದರು.