ಡೋರ್ ಪ್ಯಾಡ್ ರೆಕ್ಸಿನ್‌ಗೆ ಫೆವಿಕಾಲ್ ಎಸ್‌ಆರ್ 998: ಕರಾವಳಿ ಮಳೆಗೆ ತಡೆಯುತ್ತದೆಯೇ?

ಮಾರುತಿ 800, ಅಂಬಾಸಿಡರ್‌ನಂಥ ಹಳೆ ಕಾರುಗಳ ಡೋರ್ ಪ್ಯಾಡ್ ಎಂದರೆ ಬಾಗಿಲ ಒಳಬದಿಯ ಹಾರ್ಡ್‌ಬೋರ್ಡ್ ಮೇಲೆ ಹೊದೆಸಿದ ರೆಕ್ಸಿನ್. ಮಂಗಳೂರು, ಉಡುಪಿ ಕಡೆ ಅದು ಮೊದಲು ಏಳುವುದು ಕೆಳಗಿನ ಅಂಚಿನಲ್ಲಿ. ಮತ್ತೆ ಅಂಟಿಸಲು ಎಸ್‌ಆರ್ 998 ಒಳ್ಳೆಯ ಆಯ್ಕೆ. ಇದು ಸಿಂಥೆಟಿಕ್ ರಬ್ಬರ್ ಅಂಟು, ಕುಶನ್ ಕೆಲಸದವರಿಗೆ ಹಳೆಯ ಪರಿಚಯ. ಮರಕ್ಕೆ ಹಚ್ಚುವ ಬಿಳಿ ಫೆವಿಕಾಲ್ ಬೇಡ, ತೇವ ತಾಗಿದರೆ ಮೆತ್ತಗಾಗುತ್ತದೆ.

ಆದರೆ ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ರೆಕ್ಸಿನ್ ಮತ್ತೆ ಕಿತ್ತು ಬಂತೆಂದು ಅಂಟನ್ನು ಬಯ್ಯುವ ಮೊದಲು ಪ್ಯಾಡಿನ ಹಿಂದೆ ನೋಡಿ. ಗ್ಲಾಸಿನ ಮೇಲೆ ಬಿದ್ದ ನೀರು ರಬ್ಬರ್ ಬೀಡಿಂಗ್ ದಾಟಿ ಬಾಗಿಲೊಳಗೆ ಇಳಿದು ತಳದ ತೂತುಗಳಿಂದ ಹೊರಹೋಗಬೇಕು. ಆ ನೀರು ಬೋರ್ಡಿಗೆ ತಾಗದಂತೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗ್ಲಾಸ್ ಏರಿಸುವ ಮೆಷಿನ್ ರಿಪೇರಿ ಮಾಡುವಾಗ ಅದನ್ನು ಹರಿದು ಎಸೆಯುವುದು ಮಾಮೂಲು. ಹಾಳೆಯಿಲ್ಲದ ಬೋರ್ಡ್ ನೀರು ಕುಡಿದು ಉಬ್ಬುತ್ತದೆ, ಕ್ಲಿಪ್ಪಿನ ತೂತುಗಳು ಹರಿಯುತ್ತವೆ. ಉಬ್ಬಿ ಪುಡಿಯಾಗುವ ಬೋರ್ಡನ್ನು ಯಾವ ಅಂಟೂ ಹಿಡಿದಿಡದು.

ಪ್ಯಾಡ್ ಬಿಚ್ಚುವಾಗ ಆರ್ಮ್‌ರೆಸ್ಟಿನ ಸ್ಕ್ರೂ ತೆಗೆಯಿರಿ. ಗ್ಲಾಸ್ ಹ್ಯಾಂಡಲಿನ ಹಿಂದೆ ಬಟ್ಟೆ ಪಟ್ಟಿ ತೂರಿಸಿ ಆಚೀಚೆ ಎಳೆದರೆ ಲಾಕ್ ಕ್ಲಿಪ್ ಹಾರಿ ಬರುತ್ತದೆ. ಎಲ್ಲಿ ಬಿತ್ತೆಂದು ನೋಡಿಕೊಳ್ಳಿ. ಅಂಚಿನ ಕ್ಲಿಪ್‌ಗಳನ್ನು ಕ್ಲಿಪ್ಪಿನ ಪಕ್ಕದಲ್ಲೇ ಮೀಟಬೇಕು, ದೂರದಲ್ಲಿ ಮೀಟಿದರೆ ಬೋರ್ಡ್ ಹರಿಯುತ್ತದೆ. ಬೋರ್ಡ್ ಗಟ್ಟಿಯಿದ್ದರೆ ಭಾರ ಹೇರಿ ಚಪ್ಪಟೆಯಾಗಿ ಒಣಗಿಸಿ. ಕೈಯಲ್ಲಿ ಉದುರಿದರೆ ಹಳೆಯದನ್ನೇ ಅಚ್ಚಾಗಿಟ್ಟು 3 ಮಿ.ಮೀ. ಹಾರ್ಡ್‌ಬೋರ್ಡ್ ಕತ್ತರಿಸಿ. ಕತ್ತರಿಸಿದ ಅಂಚು, ತೂತಿನ ಒಳಬದಿ, ಹಿಂಬದಿಗೆ ಎರಡು ಕೋಟ್ ಇನಾಮಲ್ ಪೇಂಟ್ ಬೇಕೇ ಬೇಕು. ರೆಕ್ಸಿನ್ ಅಂಟುವ ಮುಂಬದಿಗೆ ಪೇಂಟ್ ಹಾಕಬೇಡಿ.

ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ. ಬೋರ್ಡ್ ಹೀರಿಕೊಂಡರೆ ಅದಕ್ಕೆ ಇನ್ನೊಂದು ಕೈ. ಹಚ್ಚಿದ ತಕ್ಷಣ ಅಂಟಿಸುವುದೇ ದೊಡ್ಡ ತಪ್ಪು: ಒಳಗೆ ಸಿಕ್ಕಿಕೊಂಡ ದ್ರಾವಕ ಬಿಸಿಲಿಗೆ ಆವಿಯಾಗಿ ರೆಕ್ಸಿನ್ ಗುಳ್ಳೆ ಏಳುತ್ತದೆ. 10ರಿಂದ 15 ನಿಮಿಷ ಬಿಟ್ಟು ಬೆರಳು ಮುಟ್ಟಿಸಿ, ಎಳೆ ಬರಬಾರದು. ಮಳೆಗಾಲದಲ್ಲಿ ದ್ರಾವಕ ಆರುವಾಗ ತಣ್ಣಗಾದ ಅಂಟಿನ ಮೇಲೆ ಗಾಳಿಯ ತೇವ ಕೂತು ಬೆಳ್ಳಗಾಗುತ್ತದೆ, ಹಿಡಿತ ಹೋಗುತ್ತದೆ. ಹಾಗಾಗಿ ಈ ಕೆಲಸ ಡಿಸೆಂಬರಿನಿಂದ ಮಾರ್ಚ್ ಒಳಗೆ, ಮಧ್ಯಾಹ್ನದ ಹೊತ್ತಿಗೆ. ಒಮ್ಮೆ ತಾಗಿದರೆ ಸರಿಸಲಾಗದು. ನಡುವೆ ಬಟರ್ ಪೇಪರ್ ಇಟ್ಟು ಸ್ವಲ್ಪಸ್ವಲ್ಪವೇ ಎಳೆಯುತ್ತ ಮಧ್ಯದಿಂದ ಅಂಚಿಗೆ ಒತ್ತಿ. ಹಿಂದಕ್ಕೆ ಮಡಚಲು 20 ಮಿ.ಮೀ. ಬಿಡಿ, ತಿರುವುಗಳಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ. ಜಗಲಿಯಲ್ಲೋ ಅಂಗಳದಲ್ಲೋ ಮಾಡಿ. ಇದರ ಆವಿಗೆ ಬೆಂಕಿ ಹತ್ತುತ್ತದೆ, ಸೊಳ್ಳೆ ಬತ್ತಿಯೂ ಹತ್ತಿರ ಇರಬಾರದು.

ಈ ಅಂಟು ಎಲ್ಲಿ ಬೇಡ? ಹಿಂಬದಿಯಲ್ಲಿ ಪಿಪಿ (ಪಾಲಿಪ್ರೊಪಿಲೀನ್) ಎಂಬ ಗುರುತಿರುವ ಪ್ಲಾಸ್ಟಿಕ್ ಟ್ರಿಮ್‌ಗೆ ನೇರವಾಗಿ ಹಿಡಿಯುವುದಿಲ್ಲ. ಥರ್ಮೋಕೋಲನ್ನು ಕರಗಿಸುತ್ತದೆ. ಜೋತುಬಿದ್ದ ರೂಫ್ ಲೈನಿಂಗಿಗೆ ಬ್ರಷ್ಷಿನಲ್ಲಿ ಹಚ್ಚಿದರೆ ತೆಳು ಫೋಮಿನ ಮೂಲಕ ಹಳದಿ ಕಲೆ ಮೂಡುತ್ತದೆ. ಅಲ್ಲಿಗೆ ಬಿಸಿ ತಡೆಯುವ ಸ್ಪ್ರೇ ಅಂಟೇ ಸರಿ, ಅದೂ ಪುಡಿಯಾದ ಹಳೆ ಫೋಮನ್ನು ಪೂರ್ತಿ ಉಜ್ಜಿ ತೆಗೆದ ಮೇಲೆ.

ಇನ್ನು ಆ ಹಾಳೆ. ಮಳೆಗಾಲದ ಮೊದಲು ಜಗಲಿಗೆ ಕಟ್ಟಲು ಕೊಳ್ಳುವ ದಪ್ಪ ಪ್ಲಾಸ್ಟಿಕ್‌ನಲ್ಲೇ ಒಂದು ತುಂಡು, 200 ಮೈಕ್ರಾನ್ ಸಾಕು. ಅಂಚಿಗೆ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರ್ ಅಂಟುಪಟ್ಟಿ). ಪಾಲಿಥೀನಿಗೆ ಎಸ್‌ಆರ್ 998 ಕೂರುವುದೇ ಇಲ್ಲ. ಹಾಳೆಯ ಕೆಳತುದಿ ಬಾಗಿಲ ತಗಡಿನ ಒಳಕ್ಕೆ ತೂರಿರಬೇಕು, ಹೊರಗೆ ಜೋತರೆ ನೀರು ನೇರ ಬೋರ್ಡಿಗೆ. ತಳದ ತೂತುಗಳಿಗೆ ತಂತಿ ಆಡಿಸಿ ಮಣ್ಣು ತೆಗೆಯಿರಿ. ಪ್ಯಾಡ್ ಕೂರಿಸುವ ಮುಂಚೆ ಗ್ಲಾಸ್ ಏರಿಸಿ ಹೊರಗಿನಿಂದ ಎರಡು ಚೊಂಬು ನೀರು ಹೊಯ್ಯಿರಿ: ಹಾಳೆಯ ಸೀಟಿನ ಕಡೆಯ ಮುಖ ಒಣಗಿಯೇ ಇದ್ದು, ನೀರು ತಳದಿಂದ ಸುರಿದರೆ ಕ್ಲಿಪ್ ಒತ್ತಬಹುದು.