ಹನ್ನೆರಡನೇ ಕ್ಲಾಸ್ ಆದ್ಮೇಲೆ: ಊರಲ್ಲೇನಾ, ಇಕಲುಯಿಟ್ಟಾ, ಒಟ್ಟಾವಾನಾ?
ಕೆನಡಾದ ಉತ್ತರ ತುದಿಯ ನುನಾವುಟ್ ಪ್ರಾಂತ್ಯದಲ್ಲಿ, ಪಾಂಗ್ನಿರ್ಟುಂಗ್ ತರದ ಸಣ್ಣ ಊರಿನ ಇನ್ಯೂಟ್ (ಅಲ್ಲಿನ ಮೂಲನಿವಾಸಿ) ಹುಡುಗೀಗೆ ಮುಂದೆ ಓದೋಕೆ ಯಾವ ದಾರಿ ಒಳ್ಳೇದು ಅಂತ ಕೇಳಿದ್ರಲ್ಲ, ಮೊದ್ಲು ಒಂದು ಮಾತು, ನುನಾವುಟ್‌ನ 25 ಊರುಗಳನ್ನ ಜೋಡಿಸೋ ರೋಡೇ ಇಲ್ಲ, ಎಲ್ಲಿಗೆ ಹೋದ್ರೂ ವಿಮಾನ, ಟಿಕೆಟ್ ವಿಪರೀತ ದುಬಾರಿ.

ಖರ್ಚು ನೋಡಿದ್ರೆ ಊರಲ್ಲೇ ಇರೋ ನುನಾವುಟ್ ಆರ್ಕ್ಟಿಕ್ ಕಾಲೇಜಿನ ಕಲಿಕಾ ಕೇಂದ್ರ ಹಗುರ, ಆದ್ರೆ ಅಲ್ಲಿ ಹೆಚ್ಚಾಗಿ ಬೇಸಿಕ್ ಕೋರ್ಸ್‌ಗಳೇ. ಟೀಚರ್ ಅಥವಾ ನರ್ಸ್ ಆಗ್ಬೇಕು ಅಂದ್ರೆ ನುನಾವುಟ್ ರಾಜಧಾನಿ ಇಕಲುಯಿಟ್‌ನಲ್ಲಿ ಅದೇ ಕಾಲೇಜಿನ ಕ್ಯಾಂಪಸ್ ಇದೆ.

ನಂಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಮನೆ-ಮಕ್ಕಳ ವಿಷ್ಯ. ಎಷ್ಟೋ ವಿದ್ಯಾರ್ಥಿನಿಯರು ಆಗ್ಲೇ ತಾಯಂದಿರು, ಇಕಲುಯಿಟ್‌ನಲ್ಲಿ ಬಾಡಿಗೆ ಮನೆ ಸಿಗೋದೇ ಕಷ್ಟ, ಮಗು ನೋಡ್ಕೊಳ್ಳೋಕೆ ಅಜ್ಜಿ ಊರಲ್ಲೇ ಉಳಿದಿರ್ತಾರೆ, ಹಾಗಾಗಿ ಬುದ್ಧಿ ಇದ್ದೂ ಓದು ಅರ್ಧಕ್ಕೇ ನಿಂತು ಹೋಗತ್ತೆ, ಇದು ಅವರ ತಪ್ಪಲ್ಲ. ಅಂಥವರಿಗೆ ಊರಿನ ಕೇಂದ್ರದಿಂದ ಶುರು ಮಾಡೋದೇ ವಾಸಿ.

ಒಂಟಿಯಾಗಿ ಹೋಗಬಲ್ಲವರಿಗೆ ಕೆನಡಾ ರಾಜಧಾನಿ ಒಟ್ಟಾವಾದ ನುನಾವುಟ್ ಸಿವುನಿಕ್ಸಾವುಟ್, ಅಂದ್ರೆ ಇನ್ಯೂಟ್ ಯುವಜನರಿಗಂತಲೇ ಇರೋ ಕಾಲೇಜು, ತುಂಬಾ ಚೆನ್ನಾಗಿದೆ. 1985ರಿಂದ ಇದೆ, ತಮ್ಮದೇ ಇತಿಹಾಸ, ತಮ್ಮ ನೆಲದ ಹಕ್ಕಿಗಾಗಿ ಸರ್ಕಾರದ ಜೊತೆ ಆದ ಭೂಒಪ್ಪಂದ ಎಲ್ಲ ಓದ್ತಾರೆ, ಜೊತೇಲಿ ಊರ ಕಡೆಯವರೇ ಇರೋದ್ರಿಂದ ದೊಡ್ಡ ಸಿಟಿ ಅಷ್ಟು ಹೆದರಿಸಲ್ಲ. ಎಂಜಿನಿಯರಿಂಗ್, ಮೆಡಿಕಲ್ ಬೇಕಾದ್ರೆ ಮಾತ್ರ ದಕ್ಷಿಣ ಕೆನಡಾದ ಯೂನಿವರ್ಸಿಟಿಗೇ ಹೋಗ್ಬೇಕು, ಹೊರಡೋಕೆ ಮುಂಚೆ ಸರ್ಕಾರದ ವಿದ್ಯಾರ್ಥಿ ನೆರವಿಗೆ ಅರ್ಜಿ ಹಾಕ್ಲಿ.